ಮನೆಯ ಹರಿಗೋಲು

ದೋಣಿ ಎಂದರೆ ಮುಂದೊಂದು ಚೂಪಾದ ಮೂತಿ, ಹಿಂದೊಂದು ಚುಕ್ಕಾಣಿ, ನಡುವೆ ಕೂಡಲು ಹಲಗೆ, ಇಷ್ಟಾದರೂ ಇರಬೇಕೆಂಬುದು ಪಟ್ಟಣದವರ ಎಣಿಕೆ. ತುಂಗಭದ್ರೆಯ ಹರಿಗೋಲಿಗೆ ಇವುಗಳಲ್ಲಿ ಒಂದೂ ಇಲ್ಲ. ಅದರ ಮುಂದು ಯಾವುದು, ಹಿಂದು ಯಾವುದು ಎಂಬುದನ್ನು ಹುಟ್ಟು ಹಿಡಿದು ಕುಳಿತವನ ಮುಖ ನೋಡಿಯೇ ತಿಳಿಯಬೇಕು. ಹಂಪಿಗೆ ಹೋಗಿ, ಅದರಲ್ಲಿ ನಾಲ್ಕು ಸುತ್ತು ಗಿರಗಿರನೆ ತಿರುಗಿ, ಮಕ್ಕಳು ಕಿರಿಚುವುದನ್ನು ಕೇಳಿ ನಕ್ಕು, ಫೋಟೋ ತೆಗೆಸಿಕೊಂಡು ಬಂದವರಿಗೆ ಅದೊಂದು ಆಟದ ಸಾಮಾನು. ಆದರೆ ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಹೊಳೆದಂಡೆಯ ಊರುಗಳಲ್ಲಿ, ಹಗರಿಬೊಮ್ಮನಹಳ್ಳಿಯ ಹಿನ್ನೀರಿನ ಹಳ್ಳಿಗಳಲ್ಲಿ, ಎತ್ತಿನ ಜೋಡಿಯನ್ನು ಸಾಕಿದಂತೆ ಹರಿಗೋಲನ್ನು ಸಾಕಿಕೊಂಡು ಬಂದ ಮನೆಗಳುಂಟು. ಸಾಕುವುದು ಎಂಬ ಮಾತು ಇಲ್ಲಿ ಸುಮ್ಮನೆ ಬಂದುದಲ್ಲ. ಬೇಸಿಗೆ ಕಾಲಿಟ್ಟಿತೆಂದರೆ ಅದನ್ನು ದಂಡೆಗೆಳೆದು, ಮಗುಚಿ, ಕೆರೆದು, ಹೊಲಿದು, ಬಳಿದು, ಬಿಸಿಲಿಗಿಟ್ಟು ಆರೈಕೆ ಮಾಡದಿದ್ದರೆ ಮಳೆಗಾಲದಲ್ಲಿ ಅದು ತನ್ನವರನ್ನು ಕಾಯುವುದಿಲ್ಲ.

ಅಂಥ ಮನೆಗಳಲ್ಲಿ ಒಂದರ ಕಥೆ ಇದು. ಆ ಮನೆಯ ಅಜ್ಜನಿಗೆ ಈಗ ಎಪ್ಪತ್ತೈದರ ಸುಮಾರು. ಅವನ ಒಬ್ಬನೇ ಮಗ ಹೊಸಪೇಟೆಯ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಸೊಸೆ ಕೂಡ್ಲಿಗಿಯ ಕಡೆಯವಳು. ಕೆಂಪು ನೆಲ, ಕರಿಯ ಬಂಡೆ, ಶೇಂಗಾದ ಹೊಲ, ಬೇಸಿಗೆಯಲ್ಲಿ ಸಾಲಾಗಿ ನಿಂತ ಕೊಡಗಳು, ಇವುಗಳ ನಡುವೆ ಬೆಳೆದವಳು. ಮದುವೆಯಾಗಿ ಬಂದ ಮೊದಲ ದಿನ ಹಿನ್ನೀರಿನ ಹರವನ್ನು ಕಂಡು, “ಇಷ್ಟು ನೀರು ಇಟ್ಟುಕೊಂಡು ಇವರಿಗೆ ನಿದ್ದೆ ಹೇಗೆ ಬರುತ್ತದೆ?” ಎಂದು ತವರಿನವರನ್ನು ಕೇಳಿದ್ದಳಂತೆ. ಹದಿನಾರು ವರ್ಷದ ಸಂಸಾರದಲ್ಲಿ ಒಮ್ಮೆಯೂ ಆಕೆ ಹರಿಗೋಲು ಹತ್ತಿರಲಿಲ್ಲ. ಮಗಳು ಎಂಟನೆಯ ತರಗತಿಯ ಹುಡುಗಿ. ಅವಳಿಗೆ ಅಜ್ಜನ ಊರೆಂದರೆ ಹರಿಗೋಲು, ಹರಿಗೋಲೆಂದರೆ ಅಜ್ಜ.

2025ರ ಶಿವರಾತ್ರಿ ಕಳೆದ ಮಾರನೆಯ ದಿನ ಅಜ್ಜನಿಂದ ಮಗನಿಗೆ ಫೋನು ಬಂತು. ಅಜ್ಜ ಫೋನಿನಲ್ಲಿ ಹೆಚ್ಚು ಮಾತಾಡುವವನಲ್ಲ.

“ಹರಿಗೋಲು ಈ ಸಲ ಬಳಿದರೆ ಆಗಾಂಗಿಲ್ಲ ತಮ್ಮ. ಹೊಸದು ಕಟ್ಟಬೇಕು. ಯುಗಾದಿಗೆ ಐದು ಆದಿತ್ಯವಾರ ಅದಾವ.”

ಅಷ್ಟೇ. ಬಾ ಎಂದೂ ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಮಗ ಗೋಡೆಯ ಕ್ಯಾಲೆಂಡರನ್ನು ನೋಡಿದನು. ಮಾರ್ಚಿ 2ರಿಂದ 30ರವರೆಗೆ ಐದು ಭಾನುವಾರಗಳು, ಐದನೆಯದೇ ಯುಗಾದಿ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ. ಲೆಕ್ಕಕ್ಕೆ ಏಳು ದಿನ. ಏಳು ದಿನದಲ್ಲಿ ಒಂದು ಹರಿಗೋಲನ್ನು ಕಟ್ಟಬಹುದೆ ಎಂಬುದು ಅವನಿಗೆ ತಿಳಿಯದು. ಏಕೆಂದರೆ ಅದುವರೆಗೆ ಅವನು ಹರಿಗೋಲನ್ನು ಕಟ್ಟಿರಲೇ ಇಲ್ಲ. ಅಪ್ಪ ಕಟ್ಟುವಾಗ ಮಚ್ಚು ತಂದು ಕೊಟ್ಟಿದ್ದನು, ಹುರಿ ಹಿಡಿದು ನಿಂತಿದ್ದನು, ಡಾಂಬರಿನ ಡಬ್ಬಕ್ಕೆ ಉರಿ ಹಾಕಿದ್ದನು. ಕಟ್ಟುವುದನ್ನು ಮಾತ್ರ ಯಾವಾಗಲೂ ಅಪ್ಪನೇ ಕಟ್ಟುತ್ತಿದ್ದನು.

ಮೊದಲನೆಯ ಭಾನುವಾರ ಹಳೆಯ ಹರಿಗೋಲನ್ನು ಅಂಗಳದಲ್ಲಿ ಮಗುಚಿ ಹಾಕಿ ಅಪ್ಪ ಮಗ ಇಬ್ಬರೂ ನೋಡಿದರು. ಒಂದು ಮಗ್ಗುಲಿನ ದಬ್ಬೆಗಳು ಸಾಲಾಗಿ ಮುರಿದಿದ್ದವು. ಅದರ ಕಾರಣ ಹಿಂದಿನ ಮಳೆಗಾಲದ್ದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು, ಸರಪಣಿ ತುಂಡಾಗಿ, ಕೊಚ್ಚಿಹೋಯಿತು. ಅದಕ್ಕೆ ತಾತ್ಕಾಲಿಕ ತಡೆ ಇಳಿಸುವುದಕ್ಕಾಗಿ ನೀರಿನ ಮಟ್ಟವನ್ನು ತಗ್ಗಿಸಬೇಕಾಗಿ ಬಂದು ಉಳಿದ ಗೇಟುಗಳಿಂದಲೂ ನೀರನ್ನು ಹೊರಬಿಟ್ಟರು. ತುಂಬಿ ನಿಲ್ಲಬೇಕಾದ ತಿಂಗಳಲ್ಲಿ ಹಿನ್ನೀರು ಹಿಂದೆ ಸರಿಯಿತು. ಆ ವಾರ ಅಜ್ಜ ಕೊಟ್ಟೂರಿನಲ್ಲಿ ಮಗಳ ಮನೆಗೆ ಹೋಗಿದ್ದನು. ದಂಡೆಯ ಬಂಡೆಗೆ ಕಟ್ಟಿದ್ದ ಹರಿಗೋಲು ಕಾಲಡಿಯ ನೀರು ಜಾರಿಹೋದಂತೆಲ್ಲ ಹಗ್ಗಕ್ಕೆ ಜೋತುಬಿದ್ದು, ಕಲ್ಲಿಗೆ ಒರಗಿ, ತನ್ನ ಭಾರಕ್ಕೆ ತಾನೇ ಮುರಿಯಿತು. ಮತ್ತೆ ನೀರು ಏರಿತು, ವಾರದೊಳಗೆ ಗೇಟಿನ ಜಾಗಕ್ಕೆ ತಡೆಯೂ ಬಂತು. ಹರಿಗೋಲಿನ ಪಕ್ಕೆ ಮಾತ್ರ ಕೂಡಲಿಲ್ಲ. ಯಾರೋ ಈ ಮಾತನ್ನು ತೆಗೆದಾಗ ಅಜ್ಜ, “ಕಟ್ಟಿದಾತನೂ ನಾನ, ಬಿಟ್ಟು ಹೋದಾತನೂ ನಾನ. ಉದ್ದ ಹಗ್ಗ ಬಿಡಬೇಕಿತ್ತು,” ಎಂದು ಮುಗಿಸಿಬಿಟ್ಟಿದ್ದನು.

ಮಗನು ಮುರಿದ ದಬ್ಬೆಗಳನ್ನು ಮುಟ್ಟಿ ನೋಡಿ, ಬಸ್ಸಿನಲ್ಲಿ ಕುಳಿತು ಯೋಚಿಸಿಕೊಂಡು ಬಂದಿದ್ದ ಮಾತನ್ನು ಹೇಳಿದನು. ಫೈಬರಿನ ಹರಿಗೋಲು ಕೊಳ್ಳೋಣ. ಅದಕ್ಕೆ ಬಿದಿರು ಬೇಡ, ಡಾಂಬರು ಬೇಡ, ವರ್ಷ ವರ್ಷ ಈ ಒದ್ದಾಟ ಬೇಡ. ಊರಿನಲ್ಲಿ ಮೀನು ಹಿಡಿಯುವವರು ಆಗಲೇ ಹಲವರು ಅದನ್ನೇ ಇಟ್ಟುಕೊಂಡಿದ್ದಾರೆ. ದುಡ್ಡು ತಾನು ಕೊಡುತ್ತೇನೆ.

ಅಜ್ಜನು ಬೇಡವೆನ್ನಲಿಲ್ಲ. ಅದು ಒಳ್ಳೆಯದೇ, ಹಗುರ, ಸೋರುವುದಿಲ್ಲ ಎಂದು ಒಪ್ಪಿಕೊಂಡನು. ಆಮೇಲೆ ತನ್ನ ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಲು ನೋಡಿದನು. ಅದು ಅರ್ಧಕ್ಕೆ ನಿಂತಿತು.

“ಇದು ಇಷ್ಟ ಏಳತೈತಿ. ಮುಂದಿನ ವರ್ಷ ಎಷ್ಟು ಏಳತೈತೋ. ಈ ಸಲ ಒಂದು ಕಟ್ಟಿಬಿಡೋಣು. ಆಮ್ಯಾಲೆ ನೀ ಏನು ಬೇಕಾದರೂ ತಗೋ.”

ಮಗನಿಗೆ ಮಾತು ತೋಚಲಿಲ್ಲ. ಹರಿಗೋಲಿಗಾಗಿ ಕರೆ ಬಂದಿದೆಯೆಂದು ಅವನು ತಿಳಿದಿದ್ದನು. ಕರೆ ಬಂದುದು ಆ ಕೈಗಾಗಿ.

ಈ ಮನೆತನ ಮೂಲತಃ ಹೊಳೆ ದಾಟಿಸುವ ಅಂಬಿಗರದು. ಅಣೆಕಟ್ಟು ಕಟ್ಟುವ ಮೊದಲು, ಈಗ ನೀರಿನ ಅಡಿಯಲ್ಲಿರುವ ಹಳ್ಳಿಯೊಂದರ ಕಡವಿನಲ್ಲಿ ಅಜ್ಜನ ತಂದೆ ಜನರನ್ನೂ ಜೋಳದ ಚೀಲಗಳನ್ನೂ ಆಡು ಕುರಿಗಳನ್ನೂ ದಾಟಿಸುತ್ತಿದ್ದನು. ದುಡ್ಡಿಗಿಂತ ಹೆಚ್ಚಾಗಿ ಸುಗ್ಗಿಯ ಕಾಲದ ಕಾಳೇ ಅವನ ಕೂಲಿ. 1945ರಲ್ಲಿ ಅಡಿಗಲ್ಲು ಹಾಕಿದ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ರಾಜ್ಯ ಬದಲಾದುದಕ್ಕಿಂತ ನೆಲ ಬದಲಾದುದೇ ಆ ಜನಕ್ಕೆ ದೊಡ್ಡದಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯಂಥ ಊರು ನೀರಿನ ಪಾಲಾಗಿ ಅಲ್ಲಿಯವರು ಮರಿಯಮ್ಮನಹಳ್ಳಿಯಲ್ಲಿ ಹೊಸ ಬದುಕು ಹೂಡಿದರು. ಈ ಮನೆಯವರು ಬೀಸುಕಲ್ಲು, ಹಂಡೆ, ಕಂಬಳಿ, ಮೂರು ವರ್ಷದ ಕೂಸು, ಇಷ್ಟನ್ನು ಹರಿಗೋಲಿಗೆ ಹೇರಿಕೊಂಡು ಎತ್ತರದ ದಂಡೆಗೆ ಬಂದರು. ಆ ಕೂಸೇ ಈಗಿನ ಅಜ್ಜ. ದಾಟಿಸುವ ಹೊಳೆ ಹೋಗಿ ಆಚೆ ದಡವೇ ಸರಿಯಾಗಿ ಕಾಣದ ಜಲಾಶಯ ಬಂದ ಮೇಲೆ ಅಂಬಿಗನು ಬಲೆ ಹಿಡಿದನು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಗಾದೆ ಉಂಟಲ್ಲವೆ? ಇಲ್ಲಿ ಹೊಳೆಯೇ ಅಂಬಿಗನ ಹಂಗನ್ನು ಬಿಟ್ಟು ಹೋಗಿತ್ತು.

ಎರಡನೆಯ ವಾರ ಶನಿವಾರ ಭಾನುವಾರ ಎರಡೂ ದಿನ ಸಿಕ್ಕವು. ಹರಪನಹಳ್ಳಿಯ ಮೇದಾರರಲ್ಲಿ ಅಜ್ಜ ಮೊದಲೇ ಹೇಳಿಟ್ಟಿದ್ದ ಬಿದಿರು ಬಂದಿತ್ತು. ಬಲಿತ ಹಸಿ ಬಿದಿರು, ಗಣ್ಣು ದೂರ ದೂರ ಇರುವಂಥದು. ಅದನ್ನು ಸೀಳುವ ಕೆಲಸ ಮಗನ ಪಾಲಿಗೆ ಬಂತು. ಮಚ್ಚನ್ನು ಗಣ್ಣಿನ ಮೇಲೆ ಊರಿ ಒಂದೇ ಪೆಟ್ಟು ಹಾಕಿ, ಆಮೇಲೆ ಹೊಡೆಯದೆ ತಿರುಚುತ್ತ ಹೋದರೆ ಬಿದಿರು ತಾನಾಗಿಯೇ ಉದ್ದಕ್ಕೂ ಬಾಯಿ ಬಿಡುತ್ತದೆ. ಹೊಡೆಯುತ್ತ ಹೋದರೆ ಸೀಳು ಒಂದು ಕಡೆಗೆ ವಾಲಿ ದಬ್ಬೆ ತೆಳುವಾಗಿ ಕೆಡುತ್ತದೆ. ಇದನ್ನು ಅಜ್ಜ ಬಾಯಿಂದ ಹೇಳಲಾರನು. “ಹಂಗಲ್ಲ” ಎನ್ನುವನು, “ಹಿಂಗ” ಎನ್ನುವನು. ಎಡಗೈಯಿಂದ ಮಗನ ಮಣಿಕಟ್ಟನ್ನು ಹಿಡಿದು ತಿರುವುವನು. ದಿನವಿಡೀ ನೋಟು ಎಣಿಸುವ, ಕೀಲಿಮಣೆ ಒತ್ತುವ ಬೆರಳುಗಳು ಮಧ್ಯಾಹ್ನದ ಹೊತ್ತಿಗೆ ಎರಡು ಕಡೆ ಕೊಯ್ದುಕೊಂಡವು. ಮೂರು ಬಿದಿರು ಹಾಳಾದ ಮೇಲೆ ನಾಲ್ಕನೆಯದು ತುದಿಯಿಂದ ಬುಡದವರೆಗೆ ಸಮನಾಗಿ ಸೀಳಿತು. ಅಜ್ಜ ಅದನ್ನು ಎತ್ತಿ, ಕಣ್ಣಿನ ನೇರಕ್ಕೆ ಹಿಡಿದು ನೋಡಿ, ಏನೂ ಹೇಳದೆ ಒಳ್ಳೆಯ ದಬ್ಬೆಗಳ ರಾಶಿಗೆ ಸೇರಿಸಿದನು.

ಭಾನುವಾರ ಹೆಣಿಗೆ ಸುರುವಾಯಿತು. ದಬ್ಬೆಗಳನ್ನು ನೆನೆಹಾಕಿ ಮೆತ್ತಗೆ ಮಾಡಿ, ಸಮನೆಲದ ಮೇಲೆ ಹರಡಿ, ಮೂರು ದಿಕ್ಕಿನಿಂದ ಬಂದ ದಬ್ಬೆಗಳು ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯುವಂತೆ ಹೆಣೆಯುತ್ತಾರೆ. ಎರಡು ದಿಕ್ಕಿನ ಚಾಪೆಯ ಹೆಣಿಗೆಯಾದರೆ ಎಳೆದ ಕಡೆಗೆ ವಾಲುತ್ತದೆ. ಮೂರು ದಿಕ್ಕಿನದು ಯಾವ ಕಡೆಯಿಂದ ಒತ್ತಿದರೂ ನಿಲ್ಲುತ್ತದೆ. ಅಮ್ಮನ ಬೈಗುಳವನ್ನೂ ಲೆಕ್ಕಿಸದೆ ಪರೀಕ್ಷೆಯ ಪುಸ್ತಕಗಳೊಡನೆ ಬಂದಿದ್ದ ಹುಡುಗಿ ಅದನ್ನು ನೋಡಿ, “ಅಜ್ಜ, ಇದು ಜೇನುಗೂಡು! ಎಲ್ಲ ಕಣ್ಣಿಗೂ ಆರು ಮೂಲೆ,” ಎಂದಳು. ಜ್ಯಾಮಿತಿಯ ಪುಸ್ತಕದಲ್ಲಿ ಷಡ್ಭುಜಾಕೃತಿಯ ಪಾಠ ಅವಳಿಗೆ ಆಗಿತ್ತು. ಎಪ್ಪತ್ತೈದು ವರ್ಷದ ಅಜ್ಜ ಕಣ್ಣುಗಳನ್ನು ಒಂದೊಂದಾಗಿ ಎಣಿಸಿ ನೋಡಿ, ಹೌದಲ್ಲ ಎಂದು ಬೆರಗಾದನು. ಅಷ್ಟು ವರ್ಷ ಅವನು ಅದನ್ನು ಹೆಣೆದಿದ್ದನೇ ಹೊರತು ಎಣಿಸಿರಲಿಲ್ಲ.

ಊಟದ ಹೊತ್ತಿನಲ್ಲಿ ಮಗನು ತಾನು ಓದಿಕೊಂಡಿದ್ದ ಸಂಗತಿಗಳನ್ನು ತೆಗೆದನು. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಹೊಳೆಯಲ್ಲಿ ಬುಟ್ಟಿಯಂತೆ ದುಂಡಗಿನ, ಹೊರಮೈಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡನಂತೆ. ಹದಿನೈದು ಇಪ್ಪತ್ತು ಜನ ಕೂಡಬಹುದಾದ, ಕುದುರೆ ಎತ್ತುಗಳನ್ನೂ ದಾಟಿಸುವ ಆ ದೋಣಿಗಳು ಸದಾ ತಿರುಗುತ್ತಲೇ ಸಾಗುತ್ತವೆಂದು ಬರೆದಿಟ್ಟನಂತೆ. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ 1803ರಲ್ಲಿ ಈ ಸೀಮೆಯ ಮೂಲಕವೇ ಮರಾಠರ ಮೇಲೆ ದಂಡೆತ್ತಿ ಹೋದಾಗ, ಹೊಳೆಗಳನ್ನು ದಾಟಲು ಇಂಥ ಬುಟ್ಟಿದೋಣಿಗಳನ್ನೇ ಕಟ್ಟಿಸಿದ್ದನು. ಮದರಾಸು ಸರ್ಕಾರದ ಮೀನುಗಾರಿಕೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ ಎಂಬವರು ದಕ್ಷಿಣ ಭಾರತದ ಹರಿಗೋಲುಗಳ ಮೇಲೆ ಲೇಖನವನ್ನೇ ಬರೆದರು. ಇರಾಕಿನ ಟೈಗ್ರಿಸ್ ನದಿಯಲ್ಲಿಯೂ ಡಾಂಬರಿನಂಥ ಅಂಟು ಬಳಿದ ಗುಂಡುದೋಣಿಗಳಿದ್ದವು. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಒಬ್ಬನೇ ಬೆನ್ನ ಮೇಲೆ ಹೊತ್ತು ನಡೆಯುವಷ್ಟು ಹಗುರವಾದವೂ ಉಂಟು.

ಅಜ್ಜ ರೊಟ್ಟಿ ಮುರಿಯುತ್ತ ಎಲ್ಲವನ್ನೂ ಕೇಳಿದನು. ಕೊನೆಗೆ, “ಆ ದೊರಿಗೆ ಕಟ್ಟಿಕೊಟ್ಟಾತನ ಹೆಸರು ಬರದಾರೇನು?” ಎಂದು ಕೇಳಿದನು.

ಇಲ್ಲವೆಂದು ಮಗ ಒಪ್ಪಿಕೊಳ್ಳಬೇಕಾಯಿತು.

ಕಟ್ಟಿದವನ ಹೆಸರು ಉಳಿಯದಿರುವುದಕ್ಕೆ ಹರಿಗೋಲಿನ ಸ್ವಭಾವವೂ ಒಂದು ಕಾರಣವಾಗಿರಬಹುದು. ಅದು ಬಾಳುವ ವಸ್ತುವಲ್ಲ. ನೀರಿನಲ್ಲಿ ನೆನೆದು, ಬಿಸಿಲಿನಲ್ಲಿ ಒಣಗಿ, ಕಲ್ಲಿಗೆ ಉಜ್ಜಿ, ಎಷ್ಟು ಜೋಪಾನ ಮಾಡಿದರೂ ಕೆಲವೇ ವರ್ಷಗಳಲ್ಲಿ ಬಿದಿರು ಮೆತ್ತಗಾಗುತ್ತದೆ. ಹಿಂದೆ ಎಮ್ಮೆಯ ತೊಗಲು ಹೊದಿಸುತ್ತಿದ್ದಾಗಲೂ ತೊಗಲನ್ನು ಆಗಾಗ ಒಣಗಿಸದಿದ್ದರೆ ಕೊಳೆಯುತ್ತಿತ್ತು. ಆದ್ದರಿಂದ ಈ ಮನೆಯಲ್ಲಿ ಎಷ್ಟು ಹುಡುಕಿದರೂ ಮುತ್ತಜ್ಜನ ಕಾಲದ ಒಂದು ದಬ್ಬೆ ಸಿಕ್ಕುವುದಿಲ್ಲ. ಆದರೂ ಊರಿನವರು ಇದನ್ನು ‘ಹಿರಿಯರ ಹರಿಗೋಲು’ ಎಂದೇ ಕರೆಯುತ್ತಾರೆ. ಸುಳ್ಳಲ್ಲ. ಬೇರೆ ಮನೆಗಳಲ್ಲಿ ವಸ್ತು ಉಳಿದು ಮಾಡಿದ ಕೈ ಮರೆತುಹೋಗುತ್ತದೆ. ಇಲ್ಲಿ ವಸ್ತು ಹೋಗುತ್ತಿರುತ್ತದೆ, ಕೈ ಉಳಿಯುತ್ತದೆ. ಉಳಿಯಬೇಕಾದರೆ ಅದು ಒಂದು ಕೈಯಿಂದ ಮತ್ತೊಂದು ಕೈಗೆ ದಾಟಬೇಕು ಅಷ್ಟೆ.

ಮೂರನೆಯ ಭಾನುವಾರ ಬಾಯಿಕಟ್ಟು. ಹೆಣೆದ ತಳದ ನಡುವೆ ಭಾರವಾದ ಕಲ್ಲುಗಳನ್ನು ಹೇರಿ, ಸುತ್ತಲೂ ಚಾಚಿದ ದಬ್ಬೆಗಳ ತುದಿಯನ್ನು ಮೇಲಕ್ಕೆ ಬಗ್ಗಿಸಿ, ಅಂಚಿಗೆ ಬಿದಿರಿನ ಬಳೆ ತೊಡಿಸಿ ಬಿಗಿಯುವ ಕೆಲಸ. ಇಲ್ಲಿ ಬಲ ಬೇಕು. ಅಜ್ಜನ ಭುಜ ಕೈಕೊಟ್ಟದ್ದು ಇಲ್ಲಿಯೇ. ಒಂದು ದಬ್ಬೆಯನ್ನು ಎಳೆದು ಹಿಡಿದವನು ನೋವಿಗೆ ಬಿಟ್ಟುಬಿಟ್ಟನು. ಅದು ಚಿಮ್ಮಿ ಮಗನ ಕೆನ್ನೆಗೆ ಬಾರಿಸಿತು. ಕೆನ್ನೆಯ ಮೇಲೆ ಎದ್ದ ಬಾಸುಂಡೆಯನ್ನು ಕಂಡು ಅಜ್ಜಿ ಕೂಗಿಕೊಂಡಳು. ಅಜ್ಜ ಮಾತ್ರ ತನ್ನ ಕೈಯನ್ನೇ ನೋಡಿಕೊಳ್ಳುತ್ತ ಬೇವಿನ ಮರದ ಕೆಳಗೆ ಹೋಗಿ ಕುಳಿತುಬಿಟ್ಟನು. ಉಳಿದ ಕೆಲಸವನ್ನೆಲ್ಲ ಮಗನು, ಹುಡುಗಿಯನ್ನು ಹುರಿ ಹಿಡಿಯಲು ನಿಲ್ಲಿಸಿಕೊಂಡು, ಅಪ್ಪ ಕುಳಿತಲ್ಲಿಂದ ಹೇಳಿದಂತೆ ಮಾಡಿದನು. ಸಂಜೆಗೆ ಆರೂವರೆ ಅಡಿ ಅಡ್ಡಳತೆಯ ಬುಟ್ಟಿ ನಿಂತಿತು. ಒಂದು ಕಡೆ ಅಂಚು ಸ್ವಲ್ಪ ತಗ್ಗಾಗಿತ್ತು. ಅದನ್ನು ಬಿಚ್ಚಿ ಮತ್ತೆ ಕಟ್ಟಲೇ ಎಂದು ಮಗ ಕೇಳಿದನು.

“ಇರಲಿ ಬಿಡು. ನಾನು ಮೊದಲು ಕಟ್ಟಿದ್ದು ಇದಕ್ಕಿಂತ ಸೊಟ್ಟ ಇತ್ತು,” ಎಂದನು ಅಜ್ಜ.

ನಾಲ್ಕನೆಯ ಶನಿವಾರ ಹೊದಿಕೆ. ಈಗ ತೊಗಲಿಲ್ಲ. ಗೊಬ್ಬರದ ಖಾಲಿ ಚೀಲಗಳನ್ನು ಬಿಚ್ಚಿ, ದಬ್ಬಣದಿಂದ ಒಂದಕ್ಕೊಂದು ಹೊಲಿದು, ಬುಟ್ಟಿಯ ಹೊರಮೈಗೆ ಬಿಗಿದು, ಅದರ ಮೇಲೆ ಕಾಯಿಸಿದ ಡಾಂಬರನ್ನು ಬಳಿಯುತ್ತಾರೆ. ಸೊಸೆಯೂ ಆ ವಾರ ಬಂದಿದ್ದಳು. ನೀರೆಂದರೆ ಹೆದರುವ ಅವಳಿಗೆ ಹೊಲಿಗೆಯೆಂದರೆ ಕೈಯಾಡಿದ ಕೆಲಸ. ಕೂಡ್ಲಿಗಿಯ ಸೀಮೆಯ ಹೆಣ್ಣುಮಕ್ಕಳು ಕೌದಿ ಹೊಲಿಯುವಂತೆ ಒತ್ತೊತ್ತಾಗಿ, ಎರಡು ಸಾಲು ಹೊಲಿಗೆ ಹಾಕಿದಳು. “ಒಂದು ಸಾಲು ಸಾಕವ್ವ,” ಎಂದ ಮಾವನಿಗೆ, “ಒಳಗೆ ಕೂಡುವವರು ನನ್ನವರಲ್ಲವೆ ಮಾವ?” ಎಂದು ಉತ್ತರ ಕೊಟ್ಟಳು.

ಮರುದಿನ ಸಂಜೆ ಹರಿಗೋಲನ್ನು ನೀರಿಗಿಳಿಸಿದರು. ಪೂಜೆ ಯುಗಾದಿಗೆ, ಇದು ಬರೀ ನೋಡುವುದಕ್ಕೆ. ಮಗ ಹುಟ್ಟು ಹಿಡಿದು ಕುಳಿತನು. ಹುಡುಗಿ ಎದುರಿಗೆ ಕುಳಿತಳು. ಹಿನ್ನೀರು ಕನ್ನಡಿಯಂತಿತ್ತು. ಬೇಸಿಗೆಯಲ್ಲಿ ನೀರು ಇಳಿದ ಕಡೆ ಹಸಿರು ಚಿಗುರಿ ಕುರಿಗಳು ಮೇಯುತ್ತಿದ್ದವು. ಅಂಕಸಮುದ್ರದ ಕೆರೆಯ ಕಡೆಗೆ ಹಕ್ಕಿಗಳ ಸಾಲು ಹಾರುತ್ತಿತ್ತು. ದಂಡೆಯಿಂದ ಇನ್ನೂರು ಮುನ್ನೂರು ಗಜ ಹೋಗಿರಬಹುದು. ಪಡುವಣದಲ್ಲಿ ಧೂಳು ಎದ್ದಿತು. ಮಳೆಗೆ ಮುಂಚಿನ ಬೇಸಿಗೆಯ ಗಾಳಿ ಹೇಳಿಕೇಳಿ ಬರುವುದಿಲ್ಲ. ಮೈಲುಗಟ್ಟಲೆ ತಡೆಯಿಲ್ಲದ ನೀರಿನ ಮೇಲೆ ಅದು ಬೀಸಿದರೆ ನಿಮಿಷಗಳಲ್ಲಿ ಅಲೆಯೇಳುತ್ತದೆ. ಹರಿಗೋಲು ತಿರುಗತೊಡಗಿತು. ಮಗ ಎಡಕ್ಕೆ ಬಲಕ್ಕೆ ಹುಟ್ಟು ಬಡಿದನು. ಬಡಿದಷ್ಟೂ ಅದು ಹೆಚ್ಚು ತಿರುಗಿತು. ಅಂಚು ತಗ್ಗಾಗಿದ್ದ ಕಡೆಯಿಂದ ನೀರು ಒಳಗೆ ಹಾರಿತು. ಹುಡುಗಿ ಅಂಚನ್ನು ಹಿಡಿದು ಏಳಲು ಹೋದಳು.

ದಂಡೆಯ ಮೇಲೆ ಅಜ್ಜ ಎರಡೂ ಕೈ ಬಾಯಿಗಿಟ್ಟು ಕೂಗಿದನು. ಅರ್ಧ ಮಾತ್ರ ಏಳುತ್ತಿದ್ದ ಬಲಗೈ ಆಗ ಹೇಗೆ ಎದ್ದಿತೋ!

“ಕೂಸೇ, ತಳಕ್ಕ ಕೂಡು! ತಮ್ಮಾ, ಹೊಡೀಬ್ಯಾಡ! ಎಳಕೋ! ಎದುರು ಹೋಗಬ್ಯಾಡ, ಗಾಳಿ ಕೂಡ ಹೋಗು!”

ಗಾಳಿಗೆ ಎದುರಾಗಿ ಬಂದ ಆ ಕೂಗು ಎಷ್ಟು ಕೇಳಿಸಿತೋ. ‘ಎಳಕೋ’ ಎಂಬುದೊಂದು ಕೇಳಿಸಿತು. ಹರಿಗೋಲನ್ನು ನೂಕಿ ನಡೆಸುವುದಲ್ಲ. ಹೋಗಬೇಕಾದ ದಿಕ್ಕಿಗೆ ಮುಖಮಾಡಿ ಕುಳಿತು, ಮುಂದಿನ ನೀರಿಗೆ ಹುಟ್ಟು ಇಳಿಸಿ, ನೀರನ್ನು ತನ್ನ ಕಡೆಗೆ ಒಮ್ಮೆ ಈ ಮಗ್ಗುಲಿನಿಂದ, ಒಮ್ಮೆ ಆ ಮಗ್ಗುಲಿನಿಂದ ಎಳೆದುಕೊಳ್ಳಬೇಕು. ಚಿಕ್ಕಂದಿನಲ್ಲಿ ಅವನಿಗೆ ಅದು ಗೊತ್ತಿತ್ತು. ಮಗಳನ್ನು ತಳದಲ್ಲಿ ಕುಳ್ಳಿರಿಸಿ, ಗಾಳಿಗೆ ಬೆನ್ನು ಮಾಡಿ, ಮೊಳಕಾಲೂರಿ ಅವನು ಎಳೆಯತೊಡಗಿದನು. ತಿರುಗಾಟ ನಿಂತಿತು. ತಾವು ಹೊರಟ ದಂಡೆಯನ್ನು ಬಿಟ್ಟು ಗಾಳಿ ಒಯ್ದ ಕಡೆಗೇ ಸಾಗಿ, ಅರ್ಧ ಮೈಲಿ ಕೆಳಗೆ, ಮಬ್ಬುಗತ್ತಲಲ್ಲಿ ಕೆಸರಿಗೆ ಮುಟ್ಟಿದರು.

ಟಾರ್ಚು ಹಿಡಿದು ದಂಡೆಗುಂಟ ಓಡುತ್ತ ಬಂದವರಲ್ಲಿ ಮೊದಲು ತಲಪಿದವಳು ಸೊಸೆ. ಮೊಳಕಾಲುದ್ದದ ನೀರಿಗೆ ಅವಳು ನಡೆದುಬಂದಿದ್ದಳು. ಮಗಳನ್ನು ಎಳೆದು ಅವುಚಿಕೊಂಡಳೇ ಹೊರತು ಗಂಡನೊಡನೆ ಒಂದು ಮಾತೂ ಆಡಲಿಲ್ಲ. ಹಿಂದಿನಿಂದ ಏದುಸಿರು ಬಿಡುತ್ತ ಬಂದ ಅಜ್ಜ ಅವಳ ಎದುರಿಗೆ ನಿಂತನು.

“ತಪ್ಪು ನಂದವ್ವ. ಮುಗಿಲು ನೋಡಿದ್ದೆ, ಗಾಳಿ ಬರತೈತಿ ಅಂತ ಗೊತ್ತಿತ್ತು. ಹೊಸ ಹರಿಗೋಲು ನೀರಾಗ ಹೆಂಗ ಕೂಡತೈತಿ ನೋಡೋ ಆಸೆಗೆ ಸುಮ್ಮನಾದೆ.”

ಮನೆಯ ಹಿರಿಯ ಸೊಸೆಗೆ ಹೀಗೆ ತಪ್ಪೊಪ್ಪಿಕೊಂಡುದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಬೆಳಗಿನ ಬಸ್ಸಿಗೆ ಹೊರಟಾಗ ಅವಳು, “ಯುಗಾದಿಗೆ ಬರುತ್ತೇವೆ ಮಾವ. ಆದರೆ ನಾನು ಹೇಳಿದಂತೆ ಆಗಬೇಕು,” ಎಂದಷ್ಟೇ ಹೇಳಿದಳು. ಅಜ್ಜ ತಲೆಯಾಡಿಸಿದನು. ಹರಿಗೋಲನ್ನು ಮೂಲೆಗೆ ಹಾಕಿಸುತ್ತಾಳೆಂದೇ ಅವನ ಎಣಿಕೆ. ಆ ವಾರವಿಡೀ ಅವನು ಅದರ ಹತ್ತಿರ ಹೋಗಲಿಲ್ಲವೆಂದು ಅಜ್ಜಿ ಫೋನಿನಲ್ಲಿ ಹೇಳಿದಳು.

ಯುಗಾದಿಯ ಬೆಳಗ್ಗೆ ಬಸ್ಸಿನಿಂದ ಇಳಿದವಳ ಕೈಯಲ್ಲಿ ಬೇವಿನ ಹೂವಿನ ಚೀಲವೊಂದು. ಹುಡುಗಿಯ ಹೆಗಲಿಗೆ ಮತ್ತೊಂದು ದೊಡ್ಡ ಚೀಲ. ಅದರಲ್ಲಿ ಕಿತ್ತಳೆ ಬಣ್ಣದ ನಾಲ್ಕು ಜೀವರಕ್ಷಕ ಅಂಗಿಗಳು. ಹೊಸಪೇಟೆಯಲ್ಲಿ ಹುಡುಕಿ ತಂದುದು. ಅವಳ ಕಟ್ಟಳೆಗಳು ಮೂರೇ. ಅಂಗಿ ತೊಡದೆ ಯಾರೂ ಹತ್ತಬಾರದು, ಮಾವನೂ ಸೇರಿ. ಮಧ್ಯಾಹ್ನದ ಮೇಲೆ ಮಗಳನ್ನು ನೀರಿಗೆ ಕರೆದೊಯ್ಯಬಾರದು. ತಗ್ಗಾದ ಅಂಚನ್ನು ಇವತ್ತೇ ಬಿಚ್ಚಿ ಎತ್ತರಿಸಬೇಕು.

ಎಣ್ಣೆನೀರು, ಬೇವುಬೆಲ್ಲ ಮುಗಿಯುವ ಮೊದಲೇ ಅಪ್ಪ ಮಗ ಅಂಚು ಬಿಚ್ಚಿ ಕುಳಿತರು. ಈ ಸಲ ಅಜ್ಜ ಹೇಳಬೇಕಾದುದು ಹೆಚ್ಚೇನೂ ಇರಲಿಲ್ಲ. ಒಂದೆರಡು ಸಲ “ಹಂಗಲ್ಲ” ಎಂದನು. ಒಂದು ಸಲ ಮಗನೇ, “ಅಲ್ಲಪ್ಪ, ಹೀಗೆ,” ಎಂದನು. ಅಜ್ಜ ಬಗ್ಗಿ ನೋಡಿ ಸುಮ್ಮನಾದನು. ಬೆಳಗಿನ ಹತ್ತರ ಒಳಗೆ ಹರಿಗೋಲಿಗೆ ಅರಿಶಿನ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ, ಗಂಗಮ್ಮನಿಗೆ ಕಾಯಿ ಒಡೆದರು. ಚೌಡದಾನಪುರದ ದಂಡೆಯ ಅಂಬಿಗರ ಚೌಡಯ್ಯನನ್ನೂ ಅಜ್ಜಿ ನೆನೆದಳು. ಹನ್ನೆರಡನೆಯ ಶತಮಾನದ ಆ ಶರಣನ ಹೆಸರನ್ನು ನೆನೆಯದೆ ಆ ಮನೆಯಲ್ಲಿ ಹರಿಗೋಲು ನೀರಿಗೆ ಇಳಿಯುವುದಿಲ್ಲ.

ಕಿತ್ತಳೆ ಅಂಗಿಯನ್ನು ಧೋತರದ ಮೇಲೆ ತೊಟ್ಟ ಅಜ್ಜನನ್ನು ನೋಡಿ ಓಣಿಯ ಮಕ್ಕಳು ನಕ್ಕರು. ಅವನು ಅದನ್ನು ಲಕ್ಷಿಸದೆ ಹೋಗಿ ಕುಳಿತನು. ಮಗ ಹುಟ್ಟು ಹಿಡಿದನು, ಹುಡುಗಿ ಹತ್ತಿದಳು. ನಾಲ್ಕನೆಯ ಅಂಗಿ ದಂಡೆಯ ಮೇಲೆ ಉಳಿದಿತ್ತು. ಅದು ಅಜ್ಜಿಗಿರಬೇಕೆಂದು ಎಲ್ಲರೂ ತಿಳಿದಿದ್ದರು. ಸೊಸೆ ಅದನ್ನು ಎತ್ತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೊಟ್ಟು, ಗುಂಡಿಗಳನ್ನು ಒಂದೊಂದಾಗಿ ಎರಡು ಸಲ ಎಳೆದು ನೋಡಿಕೊಂಡಳು.

“ನನ್ನ ಹೊಲಿಗೆ ಸೋರುತ್ತದೆಯೋ ಇಲ್ಲವೋ ನೋಡಬೇಕಲ್ಲ,” ಎಂದಳು.

ಅಜ್ಜ ಸರಿದು ಜಾಗ ಕೊಟ್ಟನು. ಮಗ ಮುಂದಿನ ನೀರಿಗೆ ಹುಟ್ಟು ಇಳಿಸಿ ತನ್ನ ಕಡೆಗೆ ಎಳೆದುಕೊಂಡನು. ಹರಿಗೋಲು ಅರ್ಧ ಸುತ್ತು ತಿರುಗಿ, ನಿಂತು, ಮೆಲ್ಲಗೆ ಹೊರಟಿತು. ದಂಡೆ ಹಿಂದಾದಂತೆಲ್ಲ ಸೊಸೆ ಒಂದು ಕೈಯಿಂದ ಮಗಳನ್ನೂ ಇನ್ನೊಂದು ಕೈಯಿಂದ ಅಂಚನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದಳು. ನೂರು ಗಜ ಹೋಗಿ ಬಂದರು. ಅಷ್ಟೇ. ದಡ ಸೇರಿದ ಮೇಲೆ ಅವಳು ಬಗ್ಗಿ ಹರಿಗೋಲಿನ ಒಳಮೈಯನ್ನು ಅಂಗೈಯಿಂದ ಸವರಿ ನೋಡಿದಳು. ಒಂದು ಕಡೆ, ಹೊಲಿಗೆಯಲ್ಲಿ ಅಲ್ಲ, ಡಾಂಬರು ತೆಳುವಾಗಿದ್ದಲ್ಲಿ, ಸ್ವಲ್ಪ ಒದ್ದೆಯಿತ್ತು.

“ಇಲ್ಲಿ ಇನ್ನೊಂದು ಕೈ ಬಳಿಯಬೇಕು,” ಎಂದಳು.

ಅಜ್ಜ ಮಗನ ಮುಖ ನೋಡಿದನು. ಮಗ ಡಾಂಬರಿನ ಡಬ್ಬ ತರಲು ಆಗಲೇ ಮನೆಯ ಕಡೆಗೆ ಹೆಜ್ಜೆ ಹಾಕಿದ್ದನು.